ಕಾಣದ ಅಪ್ಪಣೆಗಳ ವ್ಯಾಕರಣ

ನಾಟಕದ ಹಸ್ತಪ್ರತಿಯಲ್ಲಿ ಎರಡು ಬಗೆಯ ಬರಹವಿರುತ್ತದೆ. ಒಂದು, ಪಾತ್ರಧಾರಿ ಆಡಬೇಕಾದ ಮಾತು. ಇನ್ನೊಂದು, ‘ಪ್ರವೇಶ’, ‘ನಿಷ್ಕ್ರಮಣ’ ಎಂಬಂಥ ರಂಗಸೂಚನೆ. ಮಾತನ್ನು ನುಡಿಯಬೇಕು, ಸೂಚನೆಯನ್ನು ನಡೆಸಬೇಕು. ಸೂಚನೆಯನ್ನೇ ಗಟ್ಟಿಯಾಗಿ ಓದಿಬಿಡುವ ನಟನನ್ನು ನೋಡಿ ಸಭೆ ನಗುತ್ತದೆ. ಗಣಕಯಂತ್ರದ ಪರದೆಗೂ ಇದೇ ಬಗೆಯ ಮಿಶ್ರಬರಹ ಹರಿದು ಬರುತ್ತದೆಂಬುದೂ, ಅದನ್ನು ಪರದೆ ಎಷ್ಟು ನಿಷ್ಠೆಯಿಂದ ನಡೆಸಬೇಕೆಂಬುದು ಇಂದಿಗೂ ಚರ್ಚೆಯ ವಿಷಯವೆಂಬುದೂ ಸಾಹಿತ್ಯದ ಓದುಗರಿಗೆ ಕುತೂಹಲ ತರಬಹುದು.

ಹಿಂದೆ ದೊಡ್ಡ ಗಣಕವು ಒಂದೆಡೆ ಇದ್ದು, ಅದರೊಡನೆ ವ್ಯವಹರಿಸಲು ಪರದೆಯೂ ಕೀಲಿಮಣೆಯೂ ಇದ್ದ ‘ಟರ್ಮಿನಲ್’ ಎಂಬ ಯಂತ್ರ ಬೇರೆಡೆ ಇರುತ್ತಿತ್ತು. ‘ತೆರೆಯನ್ನು ಒರೆಸು’, ‘ಹತ್ತನೆಯ ಸಾಲಿಗೆ ಹೋಗು’, ‘ಇನ್ನು ಮುಂದಿನದನ್ನು ಕೆಂಪಗೆ ತೋರು’ ಎಂಬ ಅಪ್ಪಣೆಗಳೂ ಅಕ್ಷರಗಳ ಸಾಲಿನಲ್ಲಿಯೇ ಬರಬೇಕಾಗಿತ್ತು. ಇವು ಅಪ್ಪಣೆಗಳೆಂದು ಗುರುತಿಸಲು ಮೊದಲಿಗೆ ‘ಎಸ್ಕೇಪ್’ ಎಂಬ 27ನೆಯ ಸಂಕೇತವನ್ನು ಇಟ್ಟರು. ಆರಂಭದಲ್ಲಿ ಒಂದೊಂದು ಕಂಪನಿಯ ಪದ್ಧತಿ ಒಂದೊಂದು. ಯುರೋಪಿನ ಗಣಕ ತಯಾರಕರ ಸಂಘವು 1976ರಲ್ಲಿ ‘ಎಕ್ಮಾ-48’ ಎಂಬ ಪ್ರಮಾಣವನ್ನು ಹೊರಡಿಸಿತು. ಅಮೆರಿಕದ ಪ್ರಮಾಣ 1979ರಲ್ಲಿ ಬಂತು. ಈ ನಡುವೆ, 1978ರಲ್ಲಿ, ಡಿಜಿಟಲ್ ಕಂಪನಿಯ ವಿ.ಟಿ. 100 ಎಂಬ ಟರ್ಮಿನಲ್ ಈ ಪದ್ಧತಿಯನ್ನು ಮನೆಮಾತಾಗಿಸಿತು. ಆ ಯಂತ್ರ ಮೂಲೆಗೆ ಸೇರಿ ಬಹಳ ಕಾಲವಾಯಿತು. ಆದರೆ ಅದರ ನಡೆಯನ್ನು ಅನುಕರಿಸುವ ತಂತ್ರಾಂಶಗಳು, ಅಂದರೆ ‘ಟರ್ಮಿನಲ್ ಅನುಕಾರಿ’ಗಳು, ಇಂದಿಗೂ ಗಣಕ ಕಾರ್ಮಿಕರ ನಿತ್ಯದ ಉಪಕರಣ.

ಈ ಪ್ರಮಾಣದ ಚೆಲುವಿರುವುದು ಅದರ ವ್ಯಾಕರಣದಲ್ಲಿ. ಎಸ್ಕೇಪ್ ಸಂಕೇತದ ಹಿಂದೆ ಚೌಕಾವರಣವೊಂದು ಬಂದರೆ ಅಪ್ಪಣೆ ಆರಂಭವಾಯಿತೆಂದು ಅರ್ಥ. ಬಳಿಕ 48ರಿಂದ 63ರವರೆಗಿನ ಸಂಕೇತಗಳು ಅಂಕೆ, ವಿರಾಮಚಿಹ್ನೆಗಳು; ಬೇಕಾದರೆ 32ರಿಂದ 47ರವರೆಗಿನವು ನಡುವೆ ಬರಬಹುದು; ಕೊನೆಗೆ 64ರಿಂದ 126ರೊಳಗಿನ ಒಂದೇ ಸಂಕೇತ ಬಂದು ಅಪ್ಪಣೆಯನ್ನು ಮುಗಿಸುತ್ತದೆ. ಇದು ನಮ್ಮ ವಿಭಕ್ತಿ ಪ್ರತ್ಯಯದಂತೆ. ಪ್ರಕೃತಿಯ ಅರ್ಥ ತಿಳಿಯದಿದ್ದರೂ ‘ಇಂದ’ ಎಂಬುದನ್ನು ಕಂಡು ಪದ ಅಲ್ಲಿಗೆ ಮುಗಿಯಿತೆಂದು ಊಹಿಸಬಲ್ಲೆವಲ್ಲ, ಹಾಗೆ ಅನುಕಾರಿಯೂ ತನಗೆ ಅರಿಯದ ಅಪ್ಪಣೆಯನ್ನು ಕೊನೆಯವರೆಗೆ ಓದಿ ಮೌನವಾಗಿ ದಾಟಬಲ್ಲುದು. ಆದ್ದರಿಂದ ಮೊದಲ ನಿಯಮದಲ್ಲಿ ರಾಜಿಗೆ ಎಡೆಯಿಲ್ಲ: ಅರ್ಥ ತಿಳಿಯದಿರಬಹುದು, ವ್ಯಾಕರಣ ತಿಳಿದಿರಲೇಬೇಕು. ಇದನ್ನು ಕಡೆಗಣಿಸಿದ ಅನುಕಾರಿಯೇ ರಂಗಸೂಚನೆಯನ್ನು ಗಟ್ಟಿಯಾಗಿ ಓದುವ ನಟ.

ಅರ್ಥದ ವಿಷಯಕ್ಕೆ ಬಂದರೆ ತೊಡಕು ಹೆಚ್ಚು. ಬಣ್ಣಗಳು ಬೆಳೆದಂತೆ 38 ಎಂಬ ಅಂಕೆಯ ಮುಂದೆ ಇನ್ನಷ್ಟು ಅಂಕೆಗಳನ್ನು ಕೊಡುವ ಪದ್ಧತಿ ಬಂತು. ಪ್ರಮಾಣದಂತೆ ಆ ಉಪಾಂಗಗಳನ್ನು ವಿವರಣ ಚಿಹ್ನೆಯಿಂದ, ಅಂದರೆ ಎರಡು ಚುಕ್ಕೆಗಳಿಂದ, ಕೂಡಿಸಬೇಕಿತ್ತು. ಬಳಕೆಯಲ್ಲಿ ಬಿದ್ದುದು ಅರ್ಧವಿರಾಮ. ಅರ್ಧವಿರಾಮವೋ ಸ್ವತಂತ್ರ ಅಪ್ಪಣೆಗಳನ್ನು ಬೇರ್ಪಡಿಸುವ ಚಿಹ್ನೆ. ಫಲವಾಗಿ 38, 5, 1 ಎಂದು ಬಂದಾಗ, ಈ ಪದ್ಧತಿಯನ್ನರಿಯದ ಹಳೆಯ ಟರ್ಮಿನಲ್ 38ನ್ನು ಬಿಟ್ಟು, 5 ಎಂದರೆ ಮಿನುಗಿಸು, 1 ಎಂದರೆ ದಪ್ಪಗೆ ತೋರು ಎಂದು ತಿಳಿಯುತ್ತದೆ; ಕೆಂಪಾಗಬೇಕಾದ ಅಕ್ಷರ ಮಿಣುಕುತ್ತ ಕುಳಿತುಕೊಳ್ಳುತ್ತದೆ. ಒಂದು ವಿರಾಮಚಿಹ್ನೆ ತಪ್ಪಿದರೆ ಅನ್ವಯ ಕೆಡುವುದೆಂದು ನಾವು ವಿದ್ಯಾರ್ಥಿಗಳಿಗೆ ಹೇಳುತ್ತಿದ್ದ ಮಾತಿಗೆ ಇದಕ್ಕಿಂತ ಒಳ್ಳೆಯ ನಿದರ್ಶನವಿಲ್ಲ. ಇನ್ನೊಂದು ಉದಾಹರಣೆ 21ರದು. ಪ್ರಮಾಣದಂತೆ ಅದು ಜೋಡಿ ಅಡಿಗೆರೆಯ ಅಪ್ಪಣೆ; ಲಿನಕ್ಸ್‌ನ ಮೂಲ ಪರದೆ ಅದನ್ನು ದಪ್ಪಕ್ಷರವನ್ನು ನಿಲ್ಲಿಸುವ ಅಪ್ಪಣೆಯೆಂದೇ ನಡೆಸುತ್ತ ಬಂದು, 2018ರಲ್ಲಿ ಅಡಿಗೆರೆಯ ಕಡೆಗೆ ತಿದ್ದಿಕೊಂಡಿತು.

ಇಂಥಲ್ಲಿ ಪ್ರಮಾಣ ದೊಡ್ಡದೋ ರೂಢಿ ದೊಡ್ಡದೋ? ನಮ್ಮ ಶಾಸ್ತ್ರಕಾರರು ಯೋಗಾರ್ಥ, ರೂಢ್ಯರ್ಥಗಳೆಂದು ವಿಂಗಡಿಸಿ, ವಿರೋಧ ಬಂದಲ್ಲಿ ರೂಢಿಗೆ ಬಲವನ್ನಿತ್ತರು. ಹದಿಮೂರನೆಯ ಶತಮಾನದ ಕೇಶಿರಾಜನೂ ತನ್ನ ಶಬ್ದಮಣಿದರ್ಪಣಕ್ಕೆ ಕವಿಗಳ ಪ್ರಯೋಗವನ್ನೇ ಆಧಾರವಾಗಿ ಹಿಡಿದನು. ವಿ.ಟಿ. 100ರಲ್ಲಿ ಎಂಬತ್ತನೆಯ ಮನೆಯಲ್ಲಿ ಅಕ್ಷರ ಬಿದ್ದೊಡನೆ ಸೂಚಿ ಕೆಳಗಿನ ಸಾಲಿಗೆ ಇಳಿಯುತ್ತಿರಲಿಲ್ಲ. ಮುಂದಿನ ಅಕ್ಷರ ಬರುವವರೆಗೆ ಅಲ್ಲಿಯೇ ಕಾಯುತ್ತಿತ್ತು. ಎಷ್ಟೋ ತಂತ್ರಾಂಶಗಳು ಈ ನಡೆಯನ್ನೇ ನಂಬಿ ಬರೆಯಲ್ಪಟ್ಟಿವೆ. ಅದನ್ನು ‘ತಿದ್ದಲು’ ಹೊರಟವನು ನೂರು ಮನೆಗಳ ಅಡಿಪಾಯವನ್ನು ಅಲುಗಿಸುತ್ತಾನೆ. ಆದರೆ ರೂಢಿಗೆ ಮಣಿಯುವುದೆಂದರೆ ಪ್ರಮಾಣವನ್ನು ಮರೆಯುವುದಲ್ಲ. ವಿವರಣ ಚಿಹ್ನೆ, ಅರ್ಧವಿರಾಮ ಎರಡನ್ನೂ ಒಪ್ಪುವ ಅನುಕಾರಿಗಳದು ವಿವೇಕದ ದಾರಿ.

ಇನ್ನೊಂದು ಮಿತಿಯೂ ಉಂಟು. ಕಿಟಕಿಯ ಶೀರ್ಷಿಕೆಯನ್ನು ಬದಲಿಸುವ, ಮತ್ತೆ ಅದನ್ನೇ ಕೀಲಿಮಣೆಯಿಂದ ಒತ್ತಿದಂತೆ ಹಿಂದಿರುಗಿಸುವ ಅಪ್ಪಣೆಗಳಿದ್ದವು. ಕಡತವೊಂದರಲ್ಲಿ ಇವನ್ನು ಹುದುಗಿಸಿಟ್ಟರೆ, ಓದುವವನು ಓದಿದ ಮಾತ್ರಕ್ಕೆ ಅವನ ಹೆಸರಿನಲ್ಲಿ ಗಣಕಕ್ಕೆ ಆಜ್ಞೆ ಹೋಗಬಹುದಾಗಿತ್ತು. 2003ರಲ್ಲಿ ಈ ಅಪಾಯವನ್ನು ವಿವರಿಸಿ ಬರೆದ ಮೇಲೆ ಇಂಥವನ್ನು ನಡೆಸದಿರುವುದೇ ಲೇಸೆಂಬ ವಿಚಾರ ಬಲಗೊಂಡಿತು. ನಿಷ್ಠೆಯೆಂದರೆ ಹೇಳಿದ್ದನ್ನೆಲ್ಲ ಮಾಡುವುದಲ್ಲ. ಒಡೆಯನಿಗೆ ಕೇಡಾಗುವ ಅಪ್ಪಣೆಯನ್ನು ಅರ್ಥಮಾಡಿಕೊಂಡೇ ನಿರಾಕರಿಸುವುದೂ ನಿಷ್ಠೆಯೇ.

ಇದರಲ್ಲಿ ಕನ್ನಡಿಗರಿಗೇನು ಎಂದರೆ, ನಮ್ಮ ಲಿಪಿಯೂ ಕಾಣದ ಅಪ್ಪಣೆಗಳನ್ನು ನಂಬಿದೆ. ಕಾನ್ಪುರದ ಐ.ಐ.ಟಿ.ಯಲ್ಲಿ 1980ರ ದಶಕದಲ್ಲಿ ಮೊಳೆತು ಪುಣೆಯ ಸಿ-ಡ್ಯಾಕ್‌ನಲ್ಲಿ ಬೆಳೆದ ‘ಜಿಸ್ಟ್’ ತಂತ್ರವು ಟರ್ಮಿನಲ್ ಪರದೆಗೆ ಭಾರತೀಯ ಲಿಪಿಗಳನ್ನು ತಂದಿತು. 1991ರಲ್ಲಿ ಭಾರತೀಯ ಮಾನಕವಾದ ‘ಇಸ್ಕಿ’ಯಲ್ಲಿ ಎಲ್ಲ ಲಿಪಿಗಳ ‘ಕ’ಕಾರಕ್ಕೂ ಒಂದೇ ಸಂಖ್ಯೆ, 179. ಅದು ಕನ್ನಡದ ‘ಕ’ವೆಂದು ತಿಳಿಸುವುದು ಮೊದಲೇ ಬರುವ 239, 72 ಎಂಬ ಎರಡು ಸಂಕೇತಗಳು. ಅವನ್ನು ಗಮನಿಸದ ಯಂತ್ರ ಕನ್ನಡವನ್ನು ನಾಗರಿಯಲ್ಲಿ ತೋರಿಸೀತು. ಅರೆಬರೆ ಗಮನಿಸುವ ಯಂತ್ರ 72ನ್ನು ಇಂಗ್ಲಿಷಿನ ‘ಎಚ್’ ಎಂದು ಅಚ್ಚಿಸೀತು.

ಇಂದಿನ ಯೂನಿಕೋಡಿನಲ್ಲಿ ಕನ್ನಡಕ್ಕೆ ಸ್ವಂತ ಮನೆಗಳಿವೆ. ಆದರೂ ‘ರಾಜ್‌ಕುಮಾರ್’ ಎಂದು ಬರೆಯುವಾಗ ಜಕಾರಕ್ಕೂ ಕಕಾರಕ್ಕೂ ನಡುವೆ, ಅಗಲವಿಲ್ಲದ, ಕಣ್ಣಿಗೆ ಬೀಳದ 8204ನೆಯ ಸಂಕೇತವೊಂದು ಕುಳಿತಿರುತ್ತದೆ. ಅದು ಬಿದ್ದುಹೋದರೆ ಹೆಸರು ‘ರಾಜ್ಕುಮಾರ್’ ಆಗುತ್ತದೆ. ಒಂದು ಕಚೇರಿಯ ದಾಖಲೆಯಲ್ಲಿ ಸಂಕೇತವಿದ್ದು ಇನ್ನೊಂದರಲ್ಲಿ ಇಲ್ಲದಿದ್ದರೆ, ಅಕ್ಷರಶಃ ಹೋಲಿಸುವ ಯಂತ್ರಕ್ಕೆ ಅವರಿಬ್ಬರೂ ಬೇರೆ ಬೇರೆ ಮನುಷ್ಯರು. ಪಹಣಿಯಲ್ಲಿಯೋ ಪಡಿತರ ಚೀಟಿಯಲ್ಲಿಯೋ ಹೆಸರು ಹೊಂದದೆ ಅಲೆದವರಿಗೆ ಇದು ಬರಿಯ ಪಾಂಡಿತ್ಯದ ವಿಷಯವಾಗಿ ತೋರದು.

ಕೊನೆಯದಾಗಿ, ಪ್ರಮಾಣವೇ ಸಾಲದ ಒಂದು ಎಡೆ. ಟರ್ಮಿನಲ್ಲಿನ ಲೋಕ ಚದುರಂಗದ ಹಲಗೆಯಂತೆ ಮನೆಮನೆಯಾಗಿದೆ. ಒಂದು ಅಕ್ಷರಕ್ಕೆ ಒಂದು ಮನೆಯೆಂಬುದು ಇಂಗ್ಲಿಷಿಗೆ ಹೊಂದುವ ಲೆಕ್ಕ. ನಮ್ಮ ಜಗಳೂರು ತಾಲ್ಲೂಕಿನ ‘ಸೊಕ್ಕೆ’ಯನ್ನೇ ನೋಡಿ. ಕಿವಿಗೂ ಕಣ್ಣಿಗೂ ಎರಡಕ್ಷರ. ಯೂನಿಕೋಡಿಗೆ ಆರು ಸಂಕೇತ: ಸಕಾರ, ಒತ್ವ, ಕಕಾರ, ವಿರಾಮ, ಮತ್ತೆ ಕಕಾರ, ಎತ್ವ. ಒಂದು ತಂತ್ರಾಂಶ ಇದಕ್ಕೆ ನಾಲ್ಕು ಮನೆ ಎಣಿಸಿ, ಅನುಕಾರಿ ಎರಡೇ ಎಣಿಸಿದರೆ, ‘ಇಷ್ಟನೆಯ ಮನೆಗೆ ಹೋಗು’ ಎಂಬ ಅಪ್ಪಣೆಯನ್ನು ಎಷ್ಟು ನಿಷ್ಠೆಯಿಂದ ಪಾಲಿಸಿದರೂ ಸೂಚಿ ತಪ್ಪುಜಾಗದಲ್ಲಿ ನಿಲ್ಲುತ್ತದೆ. ಒತ್ತಕ್ಷರ ಒಡೆಯುತ್ತದೆ, ಅಳಿಸಿದ್ದು ಉಳಿಯುತ್ತದೆ. ಇಲ್ಲಿ ಅನುಕಾರಿಯನ್ನು ಗದರಿಸಿ ಫಲವಿಲ್ಲ; ಅಕ್ಷರವೆಂದರೇನೆಂಬ ಪ್ರಶ್ನೆಗೆ ಎರಡೂ ಕಡೆಯವರು ಒಂದೇ ಉತ್ತರ ಕೊಡಬೇಕು. ಆ ಉತ್ತರವನ್ನು ರೂಪಿಸುವ ಕೆಲಸದಲ್ಲಿ ತಂತ್ರಜ್ಞರ ಪಕ್ಕದಲ್ಲಿ ಕನ್ನಡದ ವ್ಯಾಕರಣ ಬಲ್ಲವರೂ ಕೂರಬೇಕು. ಅವರು ಕೂರದಿದ್ದರೆ, ನಮ್ಮ ಅಕ್ಷರದ ಅಳತೆಯನ್ನು ನಮ್ಮ ಲಿಪಿಯನ್ನರಿಯದವರು ನಿರ್ಣಯಿಸುತ್ತಾರೆ. ಆಮೇಲೆ ಅದೇ ಪ್ರಮಾಣವೆನಿಸುತ್ತದೆ.