ಕೀಬೋರ್ಡ್ ಕೊಳ್ಳುವ ಮೊದಲು ಕೀ ಒತ್ತಿ ನೋಡಿ

ಕೀಬೋರ್ಡ್ ಕೊಳ್ಳಲು ಅಂಗಡಿಗೆ ಹೋದರೆ ಮೊದಲು ಕೇಳಿಸುವುದು ಅದರಲ್ಲಿ ಎಷ್ಟು ಟೋನ್ ಇದೆ, ಎಷ್ಟು ರಿದಮ್ ಇದೆ ಎಂಬ ಲೆಕ್ಕ. ನಾವೂ ಆ ಸಂಖ್ಯೆ ನೋಡಿಯೇ ಬೆಲೆ ತೂಗುತ್ತೇವೆ. ಆದರೆ ಕಲಿಯುವವರ ಬೆರಳು ಪ್ರತಿದಿನ ಮುಟ್ಟುವುದು ಕೀಗಳನ್ನು. ಅವು ಹೇಗೆ ಕೆಳಗಿಳಿಯುತ್ತವೆ, ಹೇಗೆ ಮೇಲೆ ಬರುತ್ತವೆ ಎಂದು ಕೇಳುವವರು ಕಡಿಮೆ.

ಕವ್ವಾಲಿ, ಗಜಲ್‌ಗಳಲ್ಲಿ ನಾವು ಕೇಳುವ ಹಾರ್ಮೋನಿಯಂನಲ್ಲಿ ಕೀ ಒತ್ತಿದರೆ ಗಾಳಿಯ ದಾರಿ ತೆರೆದು ರೀಡ್ ಕಂಪಿಸುತ್ತದೆ. ಕೀಯನ್ನು ಎಷ್ಟೇ ಜೋರಾಗಿ ಒತ್ತಿದರೂ ಸದ್ದು ಹೆಚ್ಚುವುದಿಲ್ಲ. ಸದ್ದನ್ನು ಏರಿಸಿ ಇಳಿಸುವುದು ತಿದಿ ಒತ್ತುವ ಕೈ. ಪಿಯಾನೋ ಹಾಗಲ್ಲ. ಅಲ್ಲಿ ಕೀ ಒತ್ತಿದಾಗ ಒಳಗಿನ ಸುತ್ತಿಗೆ ತಂತಿಗೆ ಬಡಿಯುತ್ತದೆ. ಮೆಲ್ಲಗೆ ಒತ್ತಿದರೆ ಮೆದು ಸ್ವರ, ರಭಸದಿಂದ ಒತ್ತಿದರೆ ಜೋರು ಸ್ವರ. 1700ರ ಸುಮಾರಿಗೆ ಇಟಲಿಯ ಕ್ರಿಸ್ಟೊಫೊರಿ ಈ ವಾದ್ಯವನ್ನು ರೂಪಿಸಿದರು.

ಎಲೆಕ್ಟ್ರಾನಿಕ್ ಕೀಬೋರ್ಡ್‌ನಲ್ಲಿ ತಂತಿಯೂ ಇಲ್ಲ, ತಿದಿಯೂ ಇಲ್ಲ. ಸಾಮಾನ್ಯವಾಗಿ ಪ್ರತಿ ಕೀಯ ಕೆಳಗೆ ಎರಡು ಸಂಪರ್ಕ ಬಿಂದುಗಳಿರುತ್ತವೆ. ಒಂದು ಮೊದಲು ಕೂಡುತ್ತದೆ, ಇನ್ನೊಂದು ಸ್ವಲ್ಪ ತಡವಾಗಿ. ಈ ಎರಡರ ನಡುವಿನ ಸಮಯವನ್ನು ಯಂತ್ರ ಅಳೆಯುತ್ತದೆ. ಸಮಯ ಕಡಿಮೆಯಾದರೆ ಬೆರಳು ವೇಗವಾಗಿ ಇಳಿದಿದೆ ಎಂದರ್ಥ, ಸ್ವರ ಜೋರಾಗುತ್ತದೆ. ಇದಕ್ಕೆ ಟಚ್ ರೆಸ್ಪಾನ್ಸ್ ಎನ್ನುತ್ತಾರೆ. 1983ರಲ್ಲಿ ಬಂದ ಮಿಡಿ ಪದ್ಧತಿಯಲ್ಲಿ ಈ ವೇಗಕ್ಕೆ 1ರಿಂದ 127ರವರೆಗೆ ಅಂಕಿ ಸಿಗುತ್ತದೆ. ತೀರಾ ಅಗ್ಗದ ಕೀಬೋರ್ಡ್‌ಗಳಲ್ಲಿ ಈ ವ್ಯವಸ್ಥೆ ಇರುವುದಿಲ್ಲ. ಅವು ತಿದಿಯಿಲ್ಲದ ಹಾರ್ಮೋನಿಯಂ ಇದ್ದಂತೆ.

ಇನ್ನು ಕೀಯ ಭಾರ. ಸ್ಪ್ರಿಂಗ್ ಮೇಲೆ ನಿಂತ ಹಗುರ ಕೀಗಳು ಸಿನಿಮಾ ಹಾಡಿನ ವೇಗದ ತುಣುಕುಗಳಿಗೆ ಅನುಕೂಲ. ಹ್ಯಾಮರ್ ಆ್ಯಕ್ಷನ್ ಕೀಗಳಲ್ಲಿ ಪಿಯಾನೋದಂತೆ ಭಾರ ಸಿಗುತ್ತದೆ. ಪಿಯಾನೋದ ಒಂದು ಕೀ ಇಳಿಯಲು ಸುಮಾರು 50 ಗ್ರಾಂ ಭಾರ ಬೇಕು. ಸೆಮಿ ವೇಟೆಡ್ ಎಂಬುದು ಇವೆರಡರ ನಡುವಿನದು.

ನನ್ನ ಖಾಲಾ ಮಗಳು ಎರಡು ವರ್ಷ ಟಚ್ ಇಲ್ಲದ ಕೀಬೋರ್ಡ್‌ನಲ್ಲಿ ಕಲಿತಳು. ಮೊದಲ ಸಲ ಪಿಯಾನೋ ಮುಂದೆ ಕುಳಿತಾಗ ಕೆಲವು ಸ್ವರ ಹೊರಡಲೇ ಇಲ್ಲ, ಕೆಲವು ಸಿಡಿದವು. "ನನ್ನ ಕೈಯೇ ಸರಿಯಿಲ್ಲ" ಎಂದು ಬಿಟ್ಟುಬಿಡಲು ಹೊರಟಿದ್ದಳು. ಕೊರತೆ ಇದ್ದದ್ದು ಕೈಯಲ್ಲಲ್ಲ. ಮೆದುವಾಗಿ ಒತ್ತಿದರೆ ಏನಾಗುತ್ತದೆ ಎಂದು ಅವಳ ಕೀಬೋರ್ಡ್ ಒಮ್ಮೆಯೂ ತೋರಿಸಿರಲಿಲ್ಲ. ಟ್ರಿನಿಟಿ ಕಾಲೇಜ್ ಲಂಡನ್ ಕೂಡ ಪಿಯಾನೋಗೆ ಮತ್ತು ಎಲೆಕ್ಟ್ರಾನಿಕ್ ಕೀಬೋರ್ಡ್‌ಗೆ ಬೇರೆ ಬೇರೆ ಗ್ರೇಡ್ ಪರೀಕ್ಷೆ ನಡೆಸುತ್ತದೆ.

ಪಿಯಾನೋ ನಮ್ಮ ಮೈಸೂರಿಗೆ ಹೊಸದಲ್ಲ. ಜಯಚಾಮರಾಜ ಒಡೆಯರ್ ಪಿಯಾನೋ ಕಲಿತವರು. 1940ರಲ್ಲಿ ಪಟ್ಟಕ್ಕೆ ಬಂದ ಅವರು ಆ ದಶಕದ ಕೊನೆಯಲ್ಲಿ ರಷ್ಯಾದ ಸಂಗೀತಗಾರ ಮೆಟ್ನರ್ ಅವರ ಕೃತಿಗಳ ಧ್ವನಿಮುದ್ರಣಕ್ಕೆ ಹಣ ನೀಡಿದರು. ಮೆಟ್ನರ್ ತಮ್ಮ ಮೂರನೇ ಪಿಯಾನೋ ಕನ್ಚೆರ್ಟೊವನ್ನು ಅವರಿಗೆ ಅರ್ಪಿಸಿದ್ದಾರೆ.

ನಮ್ಮಂಥ ಮನೆಗಳಲ್ಲಿ ಎರಡು ಸಲ ಕೊಳ್ಳುವ ಶಕ್ತಿ ಇರುವುದಿಲ್ಲ. ಆದ್ದರಿಂದ ಅಂಗಡಿಯಲ್ಲೇ ಪರೀಕ್ಷಿಸಿ. ಒಂದೇ ಕೀಯನ್ನು ಮೆಲ್ಲಗೆ, ನಂತರ ಜೋರಾಗಿ ಒತ್ತಿ, ಸದ್ದು ಬದಲಾಗಬೇಕು. ಬೇಗ ಬೇಗ ಒತ್ತಿ. ಪ್ರತಿ ಸಲವೂ ಸ್ವರ ಬರಬೇಕು. ಕೀಯ ಒಳತುದಿಯಲ್ಲೂ ಒತ್ತಿ ನೋಡಿ. ಅಲ್ಲಿ ತೀರಾ ಬಿಗಿ ಎನಿಸಬಾರದು. ಕೀಗಳು ಪೂರ್ಣ ಅಳತೆಯವೇ ಎಂದು ಗಮನಿಸಿ. ನೂರಾರು ಟೋನ್‌ಗಳಲ್ಲಿ ನಾವು ನುಡಿಸುವುದು ನಾಲ್ಕೈದು ಮಾತ್ರ. ಆ ಹಣ ಒಳ್ಳೆಯ ಕೀಗಳಿಗೆ ಹೋಗಲಿ.