ಹಲುಬೆಗೆ ಎರಡು ಗಾಲಿ

ಅಮೆರಿಕದ ಹಳ್ಳಿಗಾಡಿನಲ್ಲಿ ಮನೆಗಳು ಒತ್ತಾಗಿರುವುದಿಲ್ಲ. ರಸ್ತೆ ಬಿಟ್ಟು ಜಲ್ಲಿದಾರಿ ಹಿಡಿದು ಕಾಲು ಮೈಲಿ, ಅರ್ಧ ಮೈಲಿ ಒಳಗೆ ಹೋದರೆ ಒಂದು ಮನೆ. ಆ ದಾರಿಯ ಹೊಣೆ ಮನೆಯವರದೇ. ಗುಂಡಿ ಬಿದ್ದರೆ ಅವರೇ ಮುಚ್ಚಬೇಕು. ಹಿಮ ಕರಗಿ ಜಲ್ಲಿಯೆಲ್ಲ ಅಂಚಿಗೆ ಹರಿದುಹೋದರೆ ಅವರೇ ಎಳೆದು ತರಬೇಕು. ಸಾರ್ವಜನಿಕ ರಸ್ತೆಗಳಲ್ಲೇ ಸುಮಾರು ಮೂರರಲ್ಲೊಂದು ಪಾಲು ಇನ್ನೂ ಡಾಂಬರು ಕಾಣದ ದೇಶ ಅದು. ಹಾಗಾಗಿ ಕೊಟ್ಟಿಗೆಯಲ್ಲಿ ಒಂದು ಸಣ್ಣ ಟ್ರ್ಯಾಕ್ಟರ್, ಅದರ ಬೆನ್ನಿಗೆ ಕಬ್ಬಿಣದ ಹಲ್ಲುಗಳ ಉದ್ದನೆಯ ಬಾಚಣಿಗೆ ಅಲ್ಲಿ ಸಾಮಾನ್ಯ ನೋಟ. ಅದರ ಹೆಸರು ಲ್ಯಾಂಡ್‌ಸ್ಕೇಪ್ ರೇಕ್. ನಮ್ಮ ಮಾತಿನಲ್ಲಿ ಟ್ರ್ಯಾಕ್ಟರಿಗೆ ಕಟ್ಟಿದ ಹಲುಬೆ ಎನ್ನಬಹುದು.

ರಚನೆ ಸರಳ. ಐದಾರು ಅಡಿ ಉದ್ದದ ಒಂದು ಉಕ್ಕಿನ ತೊಲೆ, ಅದಕ್ಕೆ ಸಾಲಾಗಿ ಬಿಗಿದ ಬಾಗಿದ ಸ್ಪ್ರಿಂಗ್ ಉಕ್ಕಿನ ಹಲ್ಲುಗಳು. ತೊಲೆಯನ್ನು ನೇರವಾಗಿಟ್ಟು ಎಳೆದರೆ ಜಲ್ಲಿ ಹರಡುತ್ತದೆ. ಓರೆಯಾಗಿ ತಿರುಗಿಸಿ ಪಿನ್ ಹಾಕಿದರೆ ಕಲ್ಲು, ಬೇರು, ಕಸ ಎಲ್ಲ ಒಂದು ಬದಿಗೆ ಸಾಲುಗಟ್ಟುತ್ತವೆ. ಹುಲ್ಲು ಬಿತ್ತುವ ಮೊದಲು ನೆಲ ಹದ ಮಾಡುವುದಕ್ಕೂ, ಕುದುರೆ ಪಳಗಿಸುವ ಅಂಕಣದ ಮಣ್ಣು ಸಮ ಮಾಡುವುದಕ್ಕೂ ಇದೇ ಸಾಧನ.

ತೊಡಕೆಂದರೆ, ಹಲ್ಲು ಎಷ್ಟು ಆಳಕ್ಕೆ ಇಳಿಯಬೇಕೆಂಬ ಲೆಕ್ಕ ಟ್ರ್ಯಾಕ್ಟರಿನ ಕೈಯಲ್ಲಿರುವುದು. ಒಂದು ಉದಾಹರಣೆ ನೋಡಿ. ಟ್ರ್ಯಾಕ್ಟರಿನ ಮುಂದಿನ ಮತ್ತು ಹಿಂದಿನ ಗಾಲಿಗಳ ನಡುವೆ 5 ಅಡಿ. ಹಿಂದಿನ ಅಚ್ಚಿನಿಂದ ರೇಕ್‌ನ ಹಲ್ಲಿಗೆ 4 ಅಡಿ. ಮುಂದಿನ ಗಾಲಿ ಎರಡೂವರೆ ಇಂಚಿನ ಉಬ್ಬು ಹತ್ತಿತು ಅನ್ನಿ, ಇಡೀ ಗಾಡಿ ತಕ್ಕಡಿಯ ದಂಡದ ಹಾಗೆ ಹಿಂದಕ್ಕೆ ವಾಲಿ ಹಲ್ಲು 2 ಇಂಚು ಕೆಳಗಿಳಿದು ನೆಲ ಬಗೆಯುತ್ತದೆ. ಅದೇ ಗಾಲಿ ತಗ್ಗಿಗಿಳಿದಾಗ ಹಲ್ಲು ಮೇಲೆದ್ದು, ಎಳೆದು ತಂದ ಜಲ್ಲಿಯನ್ನೆಲ್ಲ ಅಲ್ಲೇ ಗುಡ್ಡೆ ಹಾಕುತ್ತದೆ. ದಾರಿಯ ಆ ತುದಿ ತಲುಪಿ ತಿರುಗಿ ನೋಡಿದರೆ, ಹಳೆಯ ಅಲೆಗಳ ಮೇಲೆ ಹೊಸ ಅಲೆಗಳು. ರೇಕನ್ನು ಎತ್ತಿ ಹಿಡಿಯುವ ಟ್ರ್ಯಾಕ್ಟರಿನ ಲಿಫ್ಟನ್ನು ಪೂರ್ತಿ ಸಡಿಲ ಬಿಟ್ಟು ಹಲ್ಲಿನ ಮೇಲೆಯೇ ರೇಕ್ ತೇಲಲಿ ಎಂದರೆ, ಸಡಿಲ ನೆಲದಲ್ಲಿ ಹೂತುಹೋಗುತ್ತದೆ, ಗಟ್ಟಿ ನೆಲದಲ್ಲಿ ಬರೀ ಸವರಿಕೊಂಡು ಹೋಗುತ್ತದೆ.

ಇದಕ್ಕೆ ಮದ್ದು ಗೇಜ್ ವೀಲ್: ರೇಕ್‌ನ ಬೆನ್ನಿಗೆ ಜೋಡಿಸುವ, ಬೇಕಾದ ಎತ್ತರಕ್ಕೆ ಏರಿಸಿ ಇಳಿಸಬಹುದಾದ ಎರಡು ಪುಟ್ಟ ಗಾಲಿ. ಆಗ ರೇಕ್‌ನ ಮುಂಭಾಗ ಟ್ರ್ಯಾಕ್ಟರಿನ ಲಿಫ್ಟಿನ ಕೊಂಡಿಗಳಾದ ಕೆಳ ಲಿಂಕ್‌ಗಳ ಮೇಲೆ, ಹಿಂಭಾಗ ತನ್ನ ಕಾಲಿನ ಮೇಲೆ. ಹಲ್ಲುಗಳು ಗಾಲಿಗಳಿಗೆ ಹತ್ತಿರ ಇರುವುದರಿಂದ, ಲಿಂಕ್‌ನ ತುದಿ 2 ಇಂಚು ಮೇಲೆ ಕೆಳಗೆ ಆಡಿದರೂ ಹಲ್ಲಿಗೆ ತಟ್ಟುವುದು ಅದರಲ್ಲೊಂದು ಸಣ್ಣ ಪಾಲು. ಗಾಲಿಯ ಗುಟ್ಟು ಇಷ್ಟೇ: ಆಳವನ್ನು ಟ್ರ್ಯಾಕ್ಟರಿನಿಂದ ಅಳೆಯುವುದು ನಿಲ್ಲಿಸಿ ನೆಲದಿಂದಲೇ ಅಳೆಯುವುದು.

ಟ್ರ್ಯಾಕ್ಟರಿನ ಚರಿತ್ರೆ ಬಲ್ಲವರಿಗೆ ಇದು ತಮಾಷೆ ಎನಿಸೀತು. ನಮ್ಮ ಊರಿನ ಟ್ರ್ಯಾಕ್ಟರುಗಳ ಹಿಂದೆಯೂ ಇರುವ ಮೂರು ಕೊಂಡಿಗಳ ಹೈಡ್ರಾಲಿಕ್ ಲಿಫ್ಟ್‌ಗೆ ರೂಪ ಕೊಟ್ಟವರು ಐರ್ಲೆಂಡಿನ ಹ್ಯಾರಿ ಫರ್ಗುಸನ್. ಚೆನ್ನೈನ ಟಾಫೆ ಕಾರ್ಖಾನೆಯ ಮ್ಯಾಸಿ ಫರ್ಗುಸನ್ ಹೆಸರಿನಲ್ಲಿ ಉಳಿದಿರುವವರು ಅವರೇ. ನೇಗಿಲಿಗಿದ್ದ ಆಳದ ಗಾಲಿ ಅವರಿಗೆ ಹಿಡಿಸುತ್ತಿರಲಿಲ್ಲ. ಟ್ರ್ಯಾಕ್ಟರಿನ ಹಿಂಗಾಲಿಯ ಮೇಲೆ ಬಿದ್ದು ಹಿಡಿತ ಕೊಡಬೇಕಾದ ಭಾರವನ್ನು ಅದು ತಿಂದುಹಾಕುತ್ತದೆ ಎಂಬುದು ಅವರ ವಾದ. ಅವರ ಪರಿಹಾರ ಬೇರೆ: ನೇಗಿಲಿಗೆ ಮಣ್ಣು ಒಡ್ಡುವ ತಡೆ ಮೇಲಿನ ಕೊಂಡಿಯಾದ ಟಾಪ್ ಲಿಂಕನ್ನು ಒತ್ತುತ್ತದೆ. ಆ ಒತ್ತಡ ಹೆಚ್ಚಾದರೆ ಹೈಡ್ರಾಲಿಕ್ ತಾನೇ ನೇಗಿಲನ್ನು ತುಸು ಎತ್ತುತ್ತದೆ, ಕಡಿಮೆಯಾದರೆ ಇಳಿಸುತ್ತದೆ. 1939ರಲ್ಲಿ ಬಂದ ಫೋರ್ಡ್ 9ಎನ್ ಟ್ರ್ಯಾಕ್ಟರ್ ಈ ಜಾಣ್ಮೆಯನ್ನು ಅಮೆರಿಕದ ಹೊಲಗಳಿಗೆ ಮುಟ್ಟಿಸಿತು. ಆದರೆ ನೆಲವನ್ನು ಬರೀ ಗೀಚುವ ರೇಕ್‌ಗೆ ಮಣ್ಣಿನ ತಡೆ ಅತ್ಯಲ್ಪ. ಒತ್ತಡವೇ ಸಿಗದ ಮೇಲೆ ಆ ಹೈಡ್ರಾಲಿಕ್‌ಗೆ ಆಳ ತಿಳಿಯುವುದು ಹೇಗೆ? ಫರ್ಗುಸನ್ ಹೊರಹಾಕಿದ ಗಾಲಿ ಹಿತ್ತಿಲ ಬಾಗಿಲಿನಿಂದ ಒಳಬಂದದ್ದು ಹೀಗೆ.

ಅಂಗಡಿಯಲ್ಲಿ ಇಂಥ ಗಾಲಿಗಳ ಹೊಸ ಜೊತೆ ಸಿಗುತ್ತದೆ, ಕೆಲವು ನೂರು ಡಾಲರ್. ಅಗ್ಗದ ರೇಕ್ ಕೊಂಡವರಿಗೆ ಅದರ ಬೆಲೆಯ ದೊಡ್ಡ ಪಾಲನ್ನು ಎರಡು ಗಾಲಿಗೇ ಸುರಿಯುವುದು ಒಗ್ಗುವುದಿಲ್ಲ. ಅದಕ್ಕೇ ಗಾಲಿ ಮಾಡಿಕೊಳ್ಳುವುದು ಮನೆಯ ಶೆಡ್ಡಿನ ಕಸುಬಾಗಿ ಬೆಳೆದಿದೆ. ಗುಜರಿಯಲ್ಲಿ ಕೈ ಹಾಕಿದರೆ ಅರ್ಧ ಸಾಮಾನು ಅಲ್ಲೇ. ಮೂಟೆ ಸಾಗಿಸುವ ಕೈಗಾಡಿಯ 10 ಇಂಚಿನ ಗಾಳಿಗಾಲಿ, ಕೆಟ್ಟು ಕೂತ ಹುಲ್ಲು ಕತ್ತರಿಸುವ ಯಂತ್ರದ ಮುಂಗಾಲಿ, ಹಳೆಯ ಟ್ರೇಲರಿನ ಹಬ್ಬು ಮತ್ತು ಬೇರಿಂಗು, ಯಾವುದಾದರೂ ನಡೆದೀತು. ಎತ್ತರ ಹೊಂದಿಸಲು ಒಂದರೊಳಗೊಂದು ಜಾರುವ ಚೌಕ ಕೊಳವೆಗಳು ಬೇಕು. ಅಮೆರಿಕದ ಪಿಕ್‌ಅಪ್ ಟ್ರಕ್ಕುಗಳ ಹಿಂದೆ ಟ್ರೇಲರ್ ಸಿಕ್ಕಿಸಲು ಇರುವ 2 ಇಂಚಿನ ಕೊಳವೆ, ಅದಕ್ಕೊಪ್ಪುವ ದಂಡ, 5/8 ಇಂಚಿನ ಪಿನ್ ಎಲ್ಲೆಡೆ ಒಂದೇ ಅಳತೆಯವು, ಆದ್ದರಿಂದ ಸುಲಭವಾಗಿ ಸಿಗುತ್ತವೆ. ದಂಡಕ್ಕೆ ಇಂಚಿಗೊಂದು ತೂತು ಕೊರೆದರೆ ಆಳದ ಮೆಟ್ಟಿಲು ಸಿದ್ಧ. ದೋಣಿ ಟ್ರೇಲರಿನ ಹ್ಯಾಂಡಲ್ ಜಾಕನ್ನೇ ಗಾಲಿಸಮೇತ ನಿಲ್ಲಿಸುವವರೂ ಇದ್ದಾರೆ. ತಿರುವಿದರೆ ಏರುತ್ತದೆ ಇಳಿಯುತ್ತದೆ, ನಿಜ. ಆದರೆ ಅದು ನಿಂತಲ್ಲಿ ಭಾರ ಹೊರುವ ಸಾಧನ. ಓರೆ ಇಟ್ಟ ರೇಕ್‌ನ ಪಕ್ಕದ ನೂಕಿಗೆ ಬಾಗಿಬಿಡುವ ಭಯ ಇದ್ದೇ ಇದೆ.

ಕಸುಬಿನ ಸೂಕ್ಷ್ಮ ಇರುವುದು ಬೆಸುಗೆಗಿಂತ ಗಾಲಿ ತಿರುಗುವ ಬಗೆಯಲ್ಲಿ. ರೇಕ್ ಓರೆಯಾದಾಗ ಗಾಲಿ ಅದರೊಡನೆ ಓರೆಯಾದರೆ ಉರುಳದೆ ನೆಲವನ್ನು ಉಜ್ಜುತ್ತದೆ. ಆಫೀಸು ಕುರ್ಚಿಯ ಗಾಲಿಯ ಹಾಗೆ ಅದು ತಾನಾಗಿ ದಿಕ್ಕು ಹಿಡಿಯಬೇಕು. ಅದಕ್ಕೆ ಗಾಲಿಯನ್ನು ಹೊತ್ತು ತಿರುಗುವ ಗೂಟ ನೆಟ್ಟಗೆ ನಿಂತಿರಬೇಕು, ಗಾಲಿಯ ಅಚ್ಚು ಗೂಟಕ್ಕಿಂತ ಕೆಲವು ಇಂಚು ಹಿಂದಿರಬೇಕು, ಗೂಟದ ಬುಶ್‌ಗೆ ಗ್ರೀಸ್ ಹೋಗಲು ದಾರಿಯಿರಬೇಕು. ಟ್ರ್ಯಾಕ್ಟರ್ ರಿವರ್ಸ್ ಬಂದರೆ ಗಾಲಿ ಅರ್ಧ ಸುತ್ತು ತಿರುಗಿ ಹಲ್ಲಿನ ಕಡೆ ಬರುತ್ತದೆ. ಆ ಜಾಗವನ್ನು ಮೊದಲೇ ಲೆಕ್ಕ ಹಾಕದವರು ಎರಡನೆಯ ಸಲ ಬೆಸುಗೆ ಹಾಕುತ್ತಾರೆ. ತೊಲೆಗೇ ಬೆಸೆಯುವ ಬದಲು ಯು ಬೋಲ್ಟಿನಿಂದ ಬಿಗಿದರೆ ತಪ್ಪಾದಾಗ ಬಿಚ್ಚಬಹುದು. ಕೊನೆಯದಾಗಿ ಟಾಪ್ ಲಿಂಕ್. ಅದು ಬಿಗಿಯಾಗಿದ್ದರೆ ರೇಕ್ ಮತ್ತೆ ಟ್ರ್ಯಾಕ್ಟರಿನ ತಾಳಕ್ಕೇ ಕುಣಿಯುತ್ತದೆ, ಗಾಲಿ ಅಲಂಕಾರಕ್ಕೆ ಉಳಿಯುತ್ತದೆ. ಹಾಗಾಗಿ ಅಲ್ಲಿ ಉದ್ದ ತೂತಿನ ಪಟ್ಟಿಯನ್ನೋ ಒಂದು ತುಂಡು ಸರಪಳಿಯನ್ನೋ ಹಾಕಿ ಸಡಿಲ ಕೊಡುತ್ತಾರೆ.

ಇಷ್ಟಾದರೂ ಅವಸರ ಕೂಡದು. ಗಟ್ಟಿ ಗಾಲಿಯನ್ನು ಮರಳಿನ ಮೇಲೆ ಸುತ್ತಿಸಿ ನೋಡಿದ ನಿಕೋಲಾಸ್ ತಾಬರ್ಲೆ, ಸ್ಟೀಫನ್ ಮಾರಿಸ್, ಜಿಮ್ ಮೆಕೆಲ್‌ವೇನ್ ಎಂಬ ಭೌತವಿಜ್ಞಾನಿಗಳು, ಒಂದು ವೇಗ ದಾಟಿದೊಡನೆ ಸಮತಟ್ಟಾದ ಮರಳಿನಲ್ಲೂ ಅಲೆಗಳು ಏಳುತ್ತವೆಂದು 2007ರಲ್ಲಿ ಪ್ರಕಟಿಸಿದರು. ಗಾಲಿಯ ಬದಲು ಓರೆ ಅಲಗನ್ನಿಟ್ಟು ಎಳೆದ ಮುಂದಿನ ಪ್ರಯೋಗದಲ್ಲೂ ಅಲೆಗಳು ಕಂಡವು. ರೇಕ್ ಎಳೆಯುವವರು ನಡಿಗೆಯ ವೇಗದಲ್ಲೇ ಹೋಗುವುದು ಸುಮ್ಮನೆ ಅಲ್ಲ.

ದಾರಿಯನ್ನು ಕೈಯಾರೆ ಮಾಡಿದ ಸಾಧನದಿಂದ ಸರಿಪಡಿಸುವ ರೂಢಿ ಅಲ್ಲಿ ಟ್ರ್ಯಾಕ್ಟರಿಗಿಂತ ಹಳೆಯದು. ಮಿಸೌರಿಯ ಡಿ. ವಾರ್ಡ್ ಕಿಂಗ್ ಎಂಬ ರೈತ 19ನೆಯ ಶತಮಾನದ ಕೊನೆಗೆ ದಿಮ್ಮಿಯೊಂದನ್ನು ಉದ್ದಕ್ಕೆ ಸೀಳಿ, ಎರಡು ಸೀಳುಗಳನ್ನು ಅಡ್ಡಪಟ್ಟಿಯಿಂದ ಜೋಡಿಸಿ, ಕುದುರೆ ಕಟ್ಟಿ ಮನೆಮುಂದಿನ ಕೆಸರುರಸ್ತೆಯ ಮೇಲೆ ಎಳೆದ. ಅದು ಎಷ್ಟು ಹೆಸರಾಯಿತೆಂದರೆ ಅಮೆರಿಕದ ಕೃಷಿ ಇಲಾಖೆ 1908ರಲ್ಲಿ ಅದರ ಬಗ್ಗೆಯೇ ರೈತರಿಗೆ ಪುಸ್ತಿಕೆ ಹೊರತಂದಿತು. ಎಳೆಯುವವನು ದಿಮ್ಮಿಯ ಮೇಲೆ ನಿಂತು ಮೈಭಾರವನ್ನು ಆ ಕಡೆ ಈ ಕಡೆ ವಾಲಿಸುತ್ತಲೇ ಆಳ ಹಿಡಿಯುತ್ತಿದ್ದ.

ಇದನ್ನು ಓದಿದ ನಮ್ಮ ರೈತರಿಗೆ ಕುಂಟೆ ನೆನಪಾಗದಿರದು. ಕುಂಟೆಯ ಮೇಲೆ ಕಲ್ಲು ಹೇರುವುದು, ಹೊಲ ಸಮ ಮಾಡುವ ಕೊರಡಿನ ಮೇಲೆ ಮಕ್ಕಳನ್ನು ಕೂರಿಸುವುದು ಅದೇ ವಿದ್ಯೆ. ಪವರ್ ಟಿಲ್ಲರ್ ಇರುವ ಮನೆಯಲ್ಲಿ ಗೇಜ್ ವೀಲನ್ನು ಬಿಡಿಸಿ ಹೇಳಬೇಕಾಗಿಯೂ ಇಲ್ಲ: ಟಿಲ್ಲರಿನ ಬಾಲದಲ್ಲಿ ಉರುಳುತ್ತ ಉಳುಮೆಯ ಆಳ ಕಾಯುವ ಪುಟ್ಟ ಗಾಲಿ ಅದರ ಖಾಸಾ ತಮ್ಮ.

ಮತ್ತೆ ಅಮೆರಿಕದ ಜಲ್ಲಿದಾರಿಗೆ ಬಂದರೆ, ಅದರ ನಡು ತುಸು ಉಬ್ಬಿರಬೇಕು; ಅಡಿಗೆ ಅರ್ಧ ಇಂಚಿನಂತೆ ಎರಡೂ ಅಂಚಿಗೆ ಇಳಿಜಾರು ಅಲ್ಲಿ ಒಪ್ಪಿತವಾದ ಲೆಕ್ಕ. ಒಂದು ಬದಿಯ ಗಾಲಿಯನ್ನು ಮೇಲಿನ ತೂತಿಗೂ ಇನ್ನೊಂದನ್ನು ಕೆಳಗಿನ ತೂತಿಗೂ ಸಿಕ್ಕಿಸಿದರೆ ರೇಕ್ ಒಂದು ಕಡೆಗೆ ವಾಲಿ ಇಳಿಜಾರು ಕೊಡುತ್ತದೆ. ಯಾವ ತೂತು ಎಂದು ಕೇಳಿದರೆ ಉತ್ತರ ಯಾವ ಕೈಪಿಡಿಯಲ್ಲೂ ಸಿಗದು. ಒಂದು ಒಳ್ಳೆಯ ಮಳೆ ಬರಬೇಕು. ಮಾರನೆಯ ಬೆಳಿಗ್ಗೆ ದಾರಿಯುದ್ದಕ್ಕೂ ನಡೆದು ನೀರು ಎಲ್ಲಿ ನಿಂತಿದೆ ಎಂದು ನೋಡಿ ಬಂದು, ಶೆಡ್ಡಿನಲ್ಲಿ ಬಗ್ಗಿ ಪಿನ್ ಕಿತ್ತು, ಒಂದು ತೂತು ಕೆಳಗೆ ಹಾಕಬೇಕು.