ಮುಂಗಾಲಿನ ಎಣ್ಣೆ : ಮೋಟಾರ್ ಸೈಕಲ್ ಸವಾರರು ಮರೆಯುವ ಒಂದು ಲೋಟದ ಲೆಕ್ಕ

ಮುಂಬಯಿಯಲ್ಲಿ ಸೂರ್ಯೋದಯಕ್ಕೆ ಮುನ್ನವೇ ಎದ್ದು ದುಡಿಯುವವರಲ್ಲಿ ನಮ್ಮ ಹೋಟೆಲ್ ಬಂಧುಗಳು ಮೊದಲಿಗರು. ದಾದರಿನ ತರಕಾರಿ ಪೇಟೆಗೋ ವಾಶಿಯ ಸಗಟು ಮಾರುಕಟ್ಟೆಗೋ ಹೋಗಿ, ಬೆನ್ನ ಹಿಂದೆ ಎರಡು ಮೂಟೆ ಕಟ್ಟಿಕೊಂಡು, ಒಲೆ ಹೊತ್ತಿಸುವ ವೇಳೆಗೆ ಹಿಂದಿರುಗುವ ಮೋಟಾರ್ ಸೈಕಲ್ ಸವಾರರು ಅವರಲ್ಲಿ ಅನೇಕರಿದ್ದಾರೆ. ಉಪನಗರದ ಮನೆಯಿಂದ ರೈಲು ನಿಲ್ದಾಣಕ್ಕೆ ಧಾವಿಸುವ ಗುಮಾಸ್ತ ಬಂಧುಗಳಿಗೂ ಅದೇ ವಾಹನವೇ ಗತಿ. ಇವರಲ್ಲಿ ಇಂಜಿನ್ನಿನ ಎಣ್ಣೆಯನ್ನು ಕಾಲಕಾಲಕ್ಕೆ ಬದಲಾಯಿಸದವರು ವಿರಳ. ಆದರೆ ಮುಂದಿನ ಫೋರ್ಕಿನ ಎರಡು ಕಾಲುಗಳ ಒಳಗೂ ಎಣ್ಣೆಯುಂಟು, ಅದಕ್ಕೂ ಮುಪ್ಪುಂಟು ಎಂಬುದನ್ನು ಬಲ್ಲವರೆಷ್ಟು ಮಂದಿ?

ಪರಿಚಿತ ಹೋಟೆಲ್ ಕ್ಯಾಷಿಯರರೊಬ್ಬರು ತಮ್ಮ ವಾಹನಕ್ಕೆ ಹೊಸ ದೀಪ, ಹೊಸ ಹಾರ್ನು, ಹೊಸ ಸೀಟು ಎಲ್ಲವನ್ನೂ ಹಾಕಿಸಿದ್ದರು. ಫೋರ್ಕಿನ ಒಂದು ಕಾಲಿನ ಮೇಲೆ ಎಣ್ಣೆ ಜಿನುಗುವುದನ್ನು ಕಂಡೂ ಬಟ್ಟೆಯಿಂದ ಒರಸಿ ಸುಮ್ಮನಾಗುತ್ತಿದ್ದರು. ಒಂದು ಮಳೆಗಾಲದ ಮುಂಜಾನೆ ಆ ಎಣ್ಣೆ ಡಿಸ್ಕ್ ಬ್ರೇಕಿನ ಮೇಲೆ ಇಳಿದಿತ್ತು. ಎದುರಿಗೆ ಕೈಗಾಡಿಯೊಂದು ಅಡ್ಡ ಬಂದಾಗ ಬ್ರೇಕು ಹಿಡಿಯಲಿಲ್ಲ. ಕೊರಳೆಲುಬು ಮುರಿದು ಅವರು ಒಂದೂವರೆ ತಿಂಗಳು ಹಾಸಿಗೆ ಹಿಡಿದರು. ಆ ದಿನಗಳ ಸಂಬಳವೂ ಹೋಯಿತು. ಎಣ್ಣೆಯ ಸೀಲು ಬದಲಾಯಿಸಲು ತಗಲುತ್ತಿದ್ದ ಖರ್ಚು ಅದರ ಅಲ್ಪಾಂಶವೂ ಅಲ್ಲ. ಈ ಲೇಖನ ಹುಟ್ಟಲು ಅದೇ ಕಾರಣ.

ರಚನೆಯ ಗುಟ್ಟು

ಫೋರ್ಕಿನ ಪ್ರತಿಯೊಂದು ಕಾಲೂ ಒಂದರೊಳಗೊಂದು ಜಾರುವ ಎರಡು ಕೊಳವೆಗಳಿಂದಾದುದು. ಒಳಗೆ ಉದ್ದನೆಯ ಸ್ಪ್ರಿಂಗ್. ಅದರೊಡನೆ ಸುಮಾರು ಒಂದು ಲೋಟ ಕಾಫಿಯಷ್ಟು ಎಣ್ಣೆ. ಭಾರ ಹೊರುವುದು ಸ್ಪ್ರಿಂಗಿನ ಕೆಲಸ. ಸ್ಪ್ರಿಂಗಿನ ಕುಣಿತವನ್ನು ಅಡಗಿಸುವುದು ಎಣ್ಣೆಯ ಕೆಲಸ. ಚಕ್ರ ಗುಂಡಿಗೆ ಬಿದ್ದೆದ್ದಾಗ ಎಣ್ಣೆಯು ಸಣ್ಣ ರಂಧ್ರಗಳ ಮೂಲಕ ಹಾಯಬೇಕಾಗುತ್ತದೆ. ಫಿಲ್ಟರಿನಲ್ಲಿ ಡಿಕಾಕ್ಷನ್ ಹೇಗೆ ತನ್ನ ಹದದಲ್ಲೇ ಇಳಿಯುವುದೋ ಹಾಗೆಯೇ ಇದೂ ಅವಸರಕ್ಕೆ ಬಗ್ಗುವುದಿಲ್ಲ. ಆದುದರಿಂದಲೇ ಸ್ಪ್ರಿಂಗ್ ಒಮ್ಮೆ ಇಳಿದು, ಒಮ್ಮೆ ಏರಿ, ತಣ್ಣಗಾಗುತ್ತದೆ. ಎಣ್ಣೆ ಕೆಟ್ಟರೆ ಚಕ್ರ ಚೆಂಡಿನಂತೆ ಪುಟಿಯುತ್ತದೆ. ನೆಲ ಬಿಟ್ಟ ಚಕ್ರಕ್ಕೆ ಬ್ರೇಕೂ ಇಲ್ಲ, ತಿರುವೂ ಇಲ್ಲ. ಫೋರ್ಕ್ ಸೊಂಟದ ಸುಖಕ್ಕೆಂದು ಇರುವುದೆಂಬ ಭಾವನೆ ಸರಿಯಲ್ಲ. ಚಕ್ರವನ್ನು ನೆಲಕ್ಕೆ ಒತ್ತಿ ಹಿಡಿಯುವುದೇ ಅದರ ಮುಖ್ಯ ಧರ್ಮ.

ಎಣ್ಣೆಯಿಂದ ಕುಣಿತ ತಡೆಯುವ ಇಂಥ ಫೋರ್ಕನ್ನು ೧೯೩೫ರಲ್ಲಿ ಜರ್ಮನಿಯ ಬಿ.ಎಂ.ಡಬ್ಲ್ಯು. ಸಂಸ್ಥೆ ತನ್ನ ಆರ್ ೧೨ ಮಾದರಿಯಲ್ಲಿ ಅಳವಡಿಸಿ ಮಾರುಕಟ್ಟೆಗೆ ತಂದಿತು. ನಮ್ಮ ಮೈಸೂರಿನಲ್ಲಿ ೧೯೬೧ರಿಂದ ಮೋಟಾರ್ ಸೈಕಲ್ ತಯಾರಿಸಿ ೧೯೯೬ರಲ್ಲಿ ಬಾಗಿಲು ಮುಚ್ಚಿದ ಐಡಿಯಲ್ ಜಾವಾ ಕಾರ್ಖಾನೆಯ ವಾಹನಗಳಲ್ಲಿಯೂ ಇದ್ದುದು ಇದೇ ಜಾತಿಯ ಫೋರ್ಕ್. ಇಂದು ನಮ್ಮವರು ಓಡಿಸುವ ವಾಹನಗಳಲ್ಲಿ ಬಹುಪಾಲಿಗೂ ತತ್ತ್ವ ಅದೇ.

ಪರೀಕ್ಷೆ ಮತ್ತು ಪಾಲನೆ

ವಾಹನವನ್ನು ಸಮನೆಲದಲ್ಲಿ ನಿಲ್ಲಿಸಿ, ಮುಂದಿನ ಬ್ರೇಕು ಹಿಡಿದು, ಹ್ಯಾಂಡಲನ್ನು ಬಲವಾಗಿ ಕೆಳಗೆ ಒತ್ತಿ ಬಿಡಿರಿ. ಅದು ಏರಿ ಕೂಡಲೇ ನಿಲ್ಲಬೇಕು. ಎರಡು ಮೂರು ಸಲ ತೂಗಾಡಿದರೆ ಎಣ್ಣೆ ಮುಗಿದಿದೆ ಅಥವಾ ಸತ್ವಗೆಟ್ಟಿದೆ. ತಡೆತಡೆದು ಏರಿದರೆ ಕೊಳವೆ ಬಾಗಿದೆಯೆಂದು ಶಂಕಿಸಬೇಕು.

ಹೊಳೆಯುವ ಕೊಳವೆಯನ್ನು ವಾರಕ್ಕೊಮ್ಮೆ ಒದ್ದೆ ಬಟ್ಟೆಯಿಂದ ಒರಸಿ, ಬೆರಳಾಡಿಸಿ ನೋಡಿರಿ. ಕಡಲ ಗಾಳಿಯ ಉಪ್ಪು ಮುಂಬಯಿ ಚೆನ್ನೈಗಳಲ್ಲಿ ಅದರ ಮೇಲೆ ತುಕ್ಕಿನ ಚುಕ್ಕೆಗಳನ್ನು ಮೂಡಿಸುತ್ತದೆ. ಆ ಚುಕ್ಕೆಯ ಮೊನೆಯೇ ರಬ್ಬರಿನ ಸೀಲನ್ನು ಕತ್ತರಿಸುವ ಶತ್ರು. ಹೊಸ ಸೀಲು ಹಾಕಿಸಿದ ತಿಂಗಳಲ್ಲೇ ಮತ್ತೆ ಜಿನುಗಿದರೆ ಸೀಲನ್ನು ದೂರುವ ಮೊದಲು ಕೊಳವೆಯನ್ನು ಪರೀಕ್ಷಿಸತಕ್ಕದ್ದು. ಜಿನುಗಿದ ಎಣ್ಣೆ ಬ್ರೇಕಿಗೆ ತಗಲಿದ್ದರೆ ಅದನ್ನು ಶುಚಿಗೊಳಿಸದೆ ವಾಹನ ಹತ್ತಲೇಬಾರದು.

ಎಣ್ಣೆಯ ದರ್ಜೆ, ಅಳತೆ, ಅವಧಿ ಮೂರನ್ನೂ ವಾಹನದ ಕೈಪಿಡಿಯಂತೆಯೇ ಅನುಸರಿಸಬೇಕು. ಕೈಪಿಡಿ ಕಳೆದುಹೋಗಿದ್ದರೆ ಅಧಿಕೃತ ಗ್ಯಾರೇಜಿನಲ್ಲಿ ವಿಚಾರಿಸಿ, ಎರಡು ವರ್ಷಕ್ಕೊಮ್ಮೆಯಾದರೂ ಬದಲಾಯಿಸುವುದು ಕ್ಷೇಮ. ಎರಡು ಕಾಲುಗಳಲ್ಲಿಯೂ ಎಣ್ಣೆಯ ಮಟ್ಟ ಒಂದೇ ಸಮನಾಗಿರಬೇಕು. ಹೆಚ್ಚು ಸುರಿದರೆ ಒಳ್ಳೆಯದೆಂಬ ಭ್ರಮೆ ಬೇಡ. ಎಣ್ಣೆಯ ಮೇಲಿನ ಗಾಳಿಗೆ ಎಡೆಯಿಲ್ಲದಾದರೆ ಸೀಲೇ ಸಿಡಿದೀತು. ಫೋರ್ಕಿನ ಮೇಲಣ ಬಿರಡೆಯ ಕೆಳಗೆ ಸ್ಪ್ರಿಂಗ್ ಒತ್ತಿಕೊಂಡಿರುವುದರಿಂದ, ವಾಹನದ ಮುಂಭಾಗವನ್ನು ಎತ್ತಿ ಭದ್ರವಾಗಿ ಆನಿಸದೆ ಅದನ್ನು ಬಿಚ್ಚುವುದು ಅಪಾಯಕರ. ಅಭ್ಯಾಸವಿಲ್ಲದವರು ಮೆಕ್ಯಾನಿಕರಿಗೆ ಒಪ್ಪಿಸಿ, ಪಕ್ಕದಲ್ಲಿ ನಿಂತು ನೋಡುವುದೇ ಜಾಣತನ.

ಸುಧಾರಣೆ ಎಂದರೇನು?

ಗಟ್ಟಿ ಎಣ್ಣೆ ತುಂಬಿಸಿದರೆ ಫೋರ್ಕ್ ಬಲವಾಗುತ್ತದೆಂದು ಹೇಳುವವರುಂಟು. ಇದು ಅರ್ಧಸತ್ಯ. ಎಣ್ಣೆ ಚಲನೆಯ ವೇಗವನ್ನು ಕಡಮೆ ಮಾಡಬಲ್ಲುದೇ ಹೊರತು ಭಾರವನ್ನು ಹೊರಲಾರದು. ಅತಿ ಗಟ್ಟಿಯಾದರೆ ಗುಂಡಿಯ ಪೆಟ್ಟು ನೇರವಾಗಿ ಮಣಿಕಟ್ಟಿಗೆ ಬಡಿಯುತ್ತದೆ. ಭಾರವೇ ತೊಂದರೆಯಾಗಿದ್ದರೆ ಬೇಕಾದುದು ತಕ್ಕ ಸ್ಪ್ರಿಂಗ್.

ಅದು ಬೇಕೋ ಬೇಡವೋ ಎಂಬುದನ್ನು ಒಂದು ನೂಲಿನಿಂದ ತಿಳಿಯಬಹುದು. ಗೆಳೆಯರಿಬ್ಬರು ವಾಹನದ ಮುಂಭಾಗವನ್ನು ಎತ್ತಿ ಹಿಡಿದಿರಲಿ. ಹೊಳೆಯುವ ಕೊಳವೆಯ ಸುತ್ತ, ಸೀಲಿನ ಅಂಚಿಗೆ ತಾಗುವಂತೆ ನೂಲು ಕಟ್ಟಿರಿ. ಮೆಲ್ಲನೆ ಇಳಿಸಿ, ಹತ್ತಿ ಕುಳಿತು, ಮೆಲ್ಲನೆ ಇಳಿದು, ಮತ್ತೆ ಎತ್ತಿಸಿ ನೋಡಿದರೆ ನೂಲು ಸರಿದಿರುತ್ತದೆ. ಆ ಅಂತರವು ಫೋರ್ಕಿನ ಪೂರ್ಣ ಚಲನೆಯ ಕಾಲುಭಾಗದಿಂದ ಮೂರನೆಯ ಒಂದು ಭಾಗದೊಳಗಿರಬೇಕು. ಚಲನೆ ೧೩೦ ಮಿ.ಮೀ. ಇದ್ದಲ್ಲಿ ಇದು ಸುಮಾರು ೩೩ರಿಂದ ೪೩ ಮಿ.ಮೀ. ಅದಕ್ಕಿಂತ ಬಹಳ ಹೆಚ್ಚಾದರೆ ಸ್ಪ್ರಿಂಗ್ ಸೋತಿದೆ, ಇಲ್ಲವೆ ಸವಾರನ ತೂಕಕ್ಕೆ ಸಾಲದು. ಸ್ಪ್ರಿಂಗಿನ ಮೇಲೆ ಕೊಳವೆಯ ತುಂಡಿಟ್ಟು ಒತ್ತಿದರೆ ವಾಹನ ಎತ್ತರವಾಗಿ ನಿಲ್ಲುತ್ತದೆ. ಸ್ಪ್ರಿಂಗಿನ ಬಲವೇನೂ ಹೆಚ್ಚುವುದಿಲ್ಲ. ಮೊದಮೊದಲು ಮೆದುವಾಗಿದ್ದು, ಒತ್ತಿದಂತೆಲ್ಲ ಬಿಗಿಯಾಗುವಂತೆ ಸುತ್ತಿದ ಸ್ಪ್ರಿಂಗುಗಳು ಒಂಟಿ ಸವಾರಿಗೂ ಇಬ್ಬರ ಸವಾರಿಗೂ ಒಗ್ಗುತ್ತವೆ.

ಹಳೆಯ ವಾಹನಕ್ಕೆ ಬೇರೊಂದು ವಾಹನದ ದಪ್ಪನೆಯ ಫೋರ್ಕನ್ನು ಜೋಡಿಸುವ ಚಪಲವೂ ಯುವಕರಲ್ಲಿ ಕಾಣುತ್ತದೆ. ದಪ್ಪ ಕೊಳವೆ ಕಡಮೆ ಬಾಗುತ್ತದೆಂಬುದು ನಿಜ. ರಾಯಲ್ ಎನ್‌ಫೀಲ್ಡ್ ಸಂಸ್ಥೆಯು ೨೦೨೧ರಲ್ಲಿ ತಂದ ಹೊಸ ಕ್ಲಾಸಿಕ್ ೩೫೦ರಲ್ಲಿ ಕೊಳವೆಯ ದಪ್ಪವನ್ನು ೩೫ರಿಂದ ೪೧ ಮಿ.ಮೀ.ಗೆ ಏರಿಸಿತು, ಚಲನೆ ೧೩೦ ಮಿ.ಮೀ. ಆಗಿಯೇ ಉಳಿಯಿತು. ಆದರೆ ಅದರೊಡನೆ ವಾಹನದ ಅಸ್ಥಿಪಂಜರವನ್ನೇ ಹೊಸದಾಗಿ ರೂಪಿಸಿತೆಂಬುದನ್ನು ಮರೆಯಲಾಗದು. ಅಳತೆ ಹೊಂದದ ಫೋರ್ಕ್ ವಾಹನದ ನಡಿಗೆಯನ್ನೇ ಕೆಡಿಸೀತು.

ಇನ್ನೊಂದು ಸುಧಾರಣೆಗೆ ಕಾಸೂ ಬೇಡ. ಮೂಟೆಯನ್ನು ಹಿಂಚಕ್ರದ ಅಚ್ಚಿಗಿಂತ ಹಿಂದಕ್ಕೆ ಕಟ್ಟಿದರೆ ಮುಂಚಕ್ರ ಹಗುರಾಗಿ ಹಿಡಿತ ಬಿಡುತ್ತದೆ. ಅದನ್ನು ಮುಂದಕ್ಕೆ, ತಗ್ಗಿಗೆ ತಂದು ಕಟ್ಟಿರಿ; ಎಷ್ಟೋ ಅಲುಗಾಟ ಅಲ್ಲಿಗೇ ನಿಲ್ಲುವುದು.

ಹೀಗಿರಲು ಕ್ರಮ ಸ್ಪಷ್ಟ: ಮೊದಲು ಶುಚಿ, ಬಳಿಕ ಸೀಲು ಮತ್ತು ಎಣ್ಣೆ, ಆಮೇಲೆ ಬೇಕಿದ್ದರೆ ಸ್ಪ್ರಿಂಗ್. ಹೊಸ ದೀಪ, ಹೊಸ ಸೀಟುಗಳ ಸರದಿ ಅನಂತರ ಬರಲಿ. ಊರಿನಿಂದ ದೂರ ಬಂದು ದುಡಿಯುವವನ ಕೈಕಾಲುಗಳೇ ಅವನ ಆಸ್ತಿ. ತಿಂಗಳ ಕೊನೆಗೆ ಊರಿನ ಮನೆಯವರು ಎದುರುನೋಡುವುದು ಆ ಕೈಗಳ ದುಡಿಮೆಯನ್ನೇ. ಮಳೆಗಾಲ ಬರುವ ಮೊದಲು ಒಂದು ಲೋಟ ಎಣ್ಣೆಯ ಲೆಕ್ಕವನ್ನು ಪ್ರತಿಯೊಬ್ಬ ಸವಾರನೂ ನೋಡಿಕೊಳ್ಳಲಿ.